ಎತ್ತಿದ ಕಾಲು

ಟೀವಿಯಲ್ಲಿ ಮತ್ತೆ ಅದೇ ಕೆಂಪು ಪಟ್ಟಿ, ಅಕ್ಷರಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿವೆ, ನಗರದ ನಶೆಯ ನರ್ತನ — ಇಷ್ಟು ಬರೆದವನು ಬೆನ್ನು ತಟ್ಟಿಸಿಕೊಂಡು ಚಹಾ ಕುಡಿದಿರಬೇಕು, ಅವನ ಮುಖಕ್ಕಿಷ್ಟು ಬೆಂಕಿ ಹಾಕ — ಅಮ್ಮ ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡಳು, ಬಂದ್ಳೇನೋ, ಇನ್ನೂ ಇಲ್ಲಮ್ಮ, ನೋಡ್ತಿರು, ಬರಬೇಕಾದವಳು ತಂಗಿ, ಜ್ವರ ಬಂದು ತೀರಿಕೊಂಡು ಐದು ತಿಂಗಳಾದ ತಂಗಿ, ಇದ್ದಾಗ ಅವಳ ಕುಣಿತವನ್ನು ಅಮ್ಮ ಒಮ್ಮೆಯಾದರೂ ನೋಡಿದ್ದಳೇ, ಆ ಗದ್ದಲಕ್ಕೆ ನಾನ್ಯಾಕೆ ಬರ್ಲಿ, ನನ್ನ ಕಿವಿ ಇನ್ನೂ ನೆಟ್ಟಗಿದೆ, ಅನ್ನುತ್ತಿದ್ದಳು, ಈಗ ನೋಡುವುದಾದರೆ ಅವಳಿದ್ದಾಗ ಟೀವಿಯವರು ತೆಗೆದ ಇದೊಂದೇ, ಯಾರ ಫೋನಿನಲ್ಲೂ ಇಲ್ಲ, ಕುಣಿಯುವ ಹಾಲ್‌ನೊಳಗೆ ಫೋನ್ ತೆಗೆಯಬಾರದೆಂದು ಕಟ್ಟಳೆ ಮಾಡಿದವನು ಅಮ್ಮನ ಪಕ್ಕ ಕೂತ ಈ ಅಣ್ಣ, ಇವನೇ, ಹಾಡು ಹಾಕುವವನೂ ಇವನೇ, ಮಹಾ ಬುದ್ಧಿವಂತ, ನಮ್ಮವರ ಫೋನಿಗೆ ಬಾಗಿಲು ಹಾಕಿ ಟೀವಿಯವರ ಕ್ಯಾಮೆರಾಕ್ಕೆ ಬಾಗಿಲು ತೆರೆದ. ಅಗೋ ಹಾಲ್, ಹಳೆಯ ಮುದ್ರಣಾಲಯ, ಇವನೇ ಹಲಗೆ ಕೊಯ್ದು ಕಟ್ಟಿದ ಆಳೆತ್ತರದ ಸ್ಪೀಕರ್‌ಗಳು — ಅಯ್ಯೋ ನೀಲಿ, ಎಲ್ಲವೂ ನೀಲಿ, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಡೆದ ಕಿಟಕಿಯಿಂದ ಬಿಸಿಲು ಸುರಿಯುವಾಗ ಕುಣಿದದ್ದಕ್ಕೆ ಬಣ್ಣ ಬಳಿದು ನಡುರಾತ್ರಿ ಮಾಡಿದ್ದಾರಲ್ಲ, ನೀರಿನ ಬಾಟಲಿಗೆ ಮಸುಕು ಹಾಕಿದ್ದಾರೆ, ನೀರು ಕಣ್ರೋ, ನಲ್ಲಿ ನೀರು, ಮಸುಕು ಹಾಕಿದ ಮೇಲೆ ಅದು ಏನು ಬೇಕಾದರೂ ಆಗುತ್ತದೆ, ಕೋಟು ತೊಟ್ಟ ನಿರೂಪಕ ಹುಬ್ಬು ಗಂಟಿಕ್ಕಿ ಇದು ಕತ್ತಲ ಲೋಕ ವೀಕ್ಷಕರೇ ಅನ್ನುತ್ತಾನೆ, ಕತ್ತಲೆ ಇರುವುದು ನಿನ್ನ ತಲೆಯೊಳಗೆ, ಒಂದು ದಿನ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದ್ದೀಯಾ ನೀನು — ಮತ್ತೆ ಈ ಸಂಗೀತ, ಯಾವುದಿದು, ಇದು ನಮ್ಮದಲ್ಲ, ಡಬ್ಬ ಬಡಿದ ಹಾಗಿದೆ, ಆವತ್ತು ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಅವರ ಸೌಂಡಿನವನು, ನಿಮ್ಮ ಬೇಸ್ ಜಾಸ್ತಿ, ಎಲ್ಲಾ ಒಡೀತಿದೆ ಗುರೂ, ಅಂದಾಗ ಇವನು ತನ್ನ ಮಿಕ್ಸರ್‌ನಿಂದಲೇ ನೇರ ವೈರ್ ಎಳೆದು ಕೊಡಹೋಗಿದ್ದ, ಬೇಡ ಬಿಡಿ, ಸ್ಟುಡಿಯೋದಲ್ಲಿ ಏನೋ ಒಂದು ಹಾಕ್ಕೋತೀವಿ, ಏನೋ ಒಂದು, ಅಷ್ಟು ಕೇಳಿಯೂ ಹಲ್ಲು ಕಿರಿದುಕೊಂಡು ಅವರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದನಲ್ಲ, ಅವರ ದೀಪಕ್ಕೆ ಜಾಗ ಆಗಲೆಂದು ಸ್ಪೀಕರ್ ಬೇರೆ ಸರಿಸಿ ಕೊಟ್ಟ.

ಬಂದಳು, ಅಮ್ಮಾ ಬಂದಳು, ಹಳದಿ ಅಂಗಿ, ತಾನೇ ಹೊಲಿದದ್ದು, ನೀಲಿ ಬಳಿದು ಹಸಿರಾಗಿದೆ, ದಿನವಿಡೀ ಹೊಲಿಗೆ ಯಂತ್ರ ತುಳಿದು ಗಟ್ಟಿಯಾದ ಕಾಲು, ಈಗ, ಈಗ ಇವನು ಬೇಸ್ ಕತ್ತರಿಸುತ್ತಾನೆ, ಆ ದಪ್ಪ ಗುಡುಗಿನ ಜೊತೆ ಹಾಡೂ ನಿಲ್ಲುತ್ತದೆ, ಇಡೀ ಹಾಲ್ ನಿಶ್ಶಬ್ದ, ಎಲ್ಲರ ಬಲಗಾಲೂ ಮೇಲೆ, ಎಂಟು ಎಣಿಸುವವರೆಗೆ ಹಾಗೇ ನಿಲ್ಲಬೇಕು, ಒಂಬತ್ತಕ್ಕೆ ಬೇಸ್ ಬೀಳುತ್ತದೆ, ಕಾಲುಗಳೆಲ್ಲ ಒಟ್ಟಿಗೆ ಬೀಳುತ್ತವೆ, ಸೂರಿನಿಂದ ಧೂಳು ಉದುರುತ್ತದೆ, ಮೊದಲೇ ಕಾಲೂರಿದವರು ಕೊನೆಯಲ್ಲಿ ಹಾಲ್ ಗುಡಿಸಬೇಕು, ಎರಡು ವರ್ಷದಲ್ಲಿ ತಂಗಿ ಒಮ್ಮೆಯೂ ಪೊರಕೆ ಮುಟ್ಟಿದವಳಲ್ಲ — ಟೀವಿಯಲ್ಲಿ ನಿಶ್ಶಬ್ದವೆಲ್ಲಿ, ಡಬ್ಬ ಬಡಿಯುತ್ತಲೇ ಇದೆ, ಆ ಗಲಾಟೆಯ ನಡುವೆ ತಂಗಿ ಒಂಟಿಕಾಲಲ್ಲಿ, ಕಣ್ಣು ಮುಚ್ಚಿಕೊಂಡು, ಎಣಿಸುತ್ತಿದ್ದಾಳೆ ಕಣೋ ಮುಠ್ಠಾಳ, ಅವಳ ತುಟಿ ನೋಡು, ನೋಡಿ ವೀಕ್ಷಕರೇ, ಈ ಯುವತಿಗೆ ನಿಂತ ನೆಲದ ಪರಿವೆಯೇ ಇಲ್ಲ, ಅನ್ನುತ್ತಾನೆ ಕೋಟಿನವನು — ಮೂರು, ನಾಲ್ಕು, ಐದು — ಸೋಪಿನ ಜಾಹೀರಾತು. ಪರದೆಯ ತುಂಬ ನೊರೆ, ಅಮ್ಮ ಆ ನೊರೆಯನ್ನೇ ನೋಡುತ್ತ, ಹಾಡು ಒಂದ್ಕಡೆ ಇವಳು ಒಂದ್ಕಡೆ, ನೀನು ಹೊಗಳಿದ್ದೇ ಹೊಗಳಿದ್ದು, ಏನಾದ್ರೂ ಕುಡಿಸಿದ್ರೇನೋ ಮಗೂಗೆ, ಇಲ್ಲಮ್ಮ, ಅದು ನಮ್ಮ ಹಾಡಲ್ಲ, ಅಲ್ಲಿ ಸದ್ದೇ ಇರ್ಲಿಲ್ಲ, ಅವಳು ಎಣಿಸ್ತಿದ್ಲು, ಎಂಟರ ತನಕ — ಬಾಯಿಬಿಟ್ಟು ಹೇಳಿದರೆ ಇವನಿಗೇ ಸುಳ್ಳು ಹೇಳಿದಂತೆ ಕೇಳಿಸುತ್ತದೆ, ಥೂ, ಕೋಟಿನವನು ಮತ್ತೆ ಬಂದ, ಈಗ ರಸ್ತೆಗುಂಡಿಯ ಸುದ್ದಿ, ಅದಕ್ಕೂ ಅದೇ ಹುಬ್ಬು, ಮುಗಿಯಿತು ತಂಗಿಯ ಪಾಲು. ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು, ಆಮೇಲೆ ಕಾಲು ಊರಿದ್ಲೇನೋ, ಊರಿದ್ಲಮ್ಮ, ಸರಿಯಾಗಿ ಊರಿದ್ಲು, ಊರಿದ್ದನ್ನು ಕಣ್ಣಾರೆ ಕಂಡವನು, ಈಗ ಕಣ್ಣು ಮುಚ್ಚಿದರೆ ಅದು ಕಾಣುತ್ತಿಲ್ಲ, ಮೊದಲಿನಿಂದ ನೋಡೋಣ, ಬೇಸ್ ಕತ್ತರಿಸುತ್ತಾನೆ, ಮೂರು, ನಾಲ್ಕು, ಐದು, ನೀಲಿಯೊಳಗೆ ಹಸಿರು ಅಂಗಿ, ಕಾಲು ಮೇಲಿದೆ, ಐದು, ಇಳಿಸು ತಾಯಿ, ಐದು, ಎತ್ತಿದ ಬಲಗಾಲು, ಐದು