ನಪಾಸಾದವನ ಮನೆಗೆ ಪೇಢೆ

ಮಗ ಪಾಸಾದರೆ ಪೇಢೆ ಹಂಚುವುದು ಲೋಕಾರೂಢಿ. ಆದರೆ ಮಗ ಎರಡನೆಯ ಸಲ ನಪಾಸಾದ ವಾರದಲ್ಲೇ ಅವನ ಮೇಷ್ಟ್ರು ಪೇಢೆಯ ಪೊಟ್ಟಣ ಹಿಡಿದು ವಡಾಲದ ಚಾಳಿನ ಮೆಟ್ಟಿಲು ಹತ್ತಿ ಬಂದರೆ ಯಾವ ತಾಯಿಗೆ ತಲೆ ಕೆಡುವುದಿಲ್ಲ ಹೇಳಿ? ಅದರಲ್ಲೂ ಗುರುಬಾಯಿಯಂಥ ತಾಯಿಗೆ! ಬೈಕುಲ್ಲಾ ಮಾರ್ಕೆಟ್ಟಿನ ಬಾಗಿಲಲ್ಲಿ ಕೂತು ಹದಿನಾಲ್ಕು ವರ್ಷ ಹಮಾಲರಿಗೆ ಜೋಳದ ರೊಟ್ಟಿ ಮಾರಿದ ಹೆಂಗಸು ಅವಳು. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡದೆ ಹಾಲು ಕೊಂಡವಳಲ್ಲ. ಹಿಟ್ಟಿನ ಗಿರಣಿಯಲ್ಲಿ ತನ್ನ ಜೋಳಕ್ಕೆ ಇನ್ನೊಬ್ಬರ ಜೋಳ ಬೆರೆತೀತು ಎಂದು ಕಣ್ಣು ಮಿಟುಕಿಸದೆ ನಿಲ್ಲುವವಳು. ಅನುಮಾನ ಅವಳಿಗೆ ಹುಟ್ಟುಗುಣ; ಸುಟ್ಟರೂ ಹೋಗುವಂಥದ್ದಲ್ಲ.

ಬಂದವರು ಕಾಲೇಜಿನ ಆಟದ ಮೇಷ್ಟ್ರು, ಸುರ್ವೆ ಸರ್. ಗುರುಬಾಯಿಯ ಮಗ ಸಾಯಬಣ್ಣನ ಕಬಡ್ಡಿ ನೋಡಿ, ಅವನಿಗೆ ಫೀಸಿಲ್ಲದೆ ಸೀಟು ಕೊಡಿಸಿ, ಹಾಲು ಮೊಟ್ಟೆಗೂ ವ್ಯವಸ್ಥೆ ಮಾಡಿದ ಪುಣ್ಯಾತ್ಮ.

"ಮಾವಶಿ, ಶೀಲ್ಡ್ ಅಪ್ನಾ ಹೋ ಗಯಾ! ತುಮ್ಹಾರಾ ಲಡ್ಕಾ ಶೇರ್ ಹೈ, ಶೇರ್!" ಎಂದು ಸರ್ ಕಬಡ್ಡಿಯಲ್ಲಿ ಗೆದ್ದ ಖುಷಿಗೆ ಪೊಟ್ಟಣ ಮುಂದೆ ಚಾಚಿದರು.

ಗುರುಬಾಯಿ ಅದನ್ನು ಇಸಿದುಕೊಂಡಳು, ಬಿಚ್ಚಲಿಲ್ಲ. "ಔರ್ ಪರೀಕ್ಷಾ, ಸರ್?" ಎಂದಳು.

"ಹೋ ಜಾಯೇಗಾ. ಜಲ್ದೀ ಕ್ಯಾ ಹೈ?" ಸರ್ ನಕ್ಕರು, ಚಹಾ ಕುಡಿದರು, ಹೋದರು.

ಜಲ್ದಿ ಏನು ಅಂದರೆ! ಸಾಯಬಣ್ಣನಿಗೆ ಇಪ್ಪತ್ತನಾಲ್ಕು ತುಂಬಿತ್ತು. ಒಂದು ಬ್ಯಾಂಕಿನವರು ತಮ್ಮ ಕಬಡ್ಡಿ ತಂಡಕ್ಕೆ ಅವನನ್ನು ಬಾ ಎಂದಿದ್ದರು. ಕ್ಲಾರ್ಕ್ ಕೆಲಸ, ಸಾಯುವತನಕ ಅನ್ನ. ಆದರೆ ಡಿಸೆಂಬರಿನೊಳಗೆ ಬಿ.ಎ. ಆಗಿರಬೇಕು, ಇಪ್ಪತ್ತೈದು ದಾಟಿರಬಾರದು. ಉಳಿದಿದ್ದು ಅಕ್ಟೋಬರಿನ ಪರೀಕ್ಷೆ ಒಂದೇ. ಅದು ತಪ್ಪಿದರೆ ಸತ್ತ ಗಂಡ ಖಂಡಪ್ಪ ಹೊತ್ತ ಹಾಗೆ ಮಗನೂ ಬಂದರಿನಲ್ಲಿ ಮೂಟೆ ಹೊರಬೇಕು. ಮೂಟೆಯ ಕೆಳಗೇ ಸಿಕ್ಕಿ ಸತ್ತವನು ಖಂಡಪ್ಪ. ಗುರುಬಾಯಿಗೆ ಇದೊಂದೇ ಭಯ, ಇದೊಂದೇ ಆಸೆ.

ಮರುದಿನ ಮಾರ್ಕೆಟ್ಟಿನಲ್ಲಿ ಪಕ್ಕದಲ್ಲಿ ನಿಂಬೆಹಣ್ಣು ಮಾರುವ ದಾವಲಬಿಯ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು.

"ನಪಾಸಾದವನ ಮನಿಗಿ ಪೇಢೆ ತರೂದು ಯಾವ ಊರ ಪದ್ಧತಿ ಅದವಾ? ಅದರಾಗ ಏನೋ ಅದ."

"ಪೇಢೆದಾಗೇನು?" ದಾವಲಬಿ ನಕ್ಕಳು. "ಯಾ ಅಲ್ಲಾ! ದೇವರು ಪ್ರಸಾದ ಕೊಟ್ರೂ ನೀ ಒಡದು ನೋಡಾಕಿ. ಮಗನ್ನ ಕೇಳು ಮೊದಲ. ಓದಿದ್ರ ಪಾಸಾಕ್ಕಿದ್ದ."

"ಓದೂದು ನಾ ನೋಡೀನಿ. ದಿನಾ ಪುಸ್ತಕ ಮುಂದ ಹಿಡಕೊಂಡು ಕುಂದರ್ತಾನ."

"ಪರೀಕ್ಷಾಕ್ಕ ಹೋಗೂದು ನೋಡೀಯೇನು?"

ಆ ಮಾತು ಗುರುಬಾಯಿಯನ್ನು ಹಿಡಿದುಕೊಂಡುಬಿಟ್ಟಿತು. ರೊಟ್ಟಿ ಮಾರುವವರಿಗೆ ಗಿರಾಕಿಯ ಮುಖ ಮರೆತರೂ ಅವನ ಹೊಟ್ಟೆ ಮರೆಯುವುದಿಲ್ಲ. ಯಾರು ಎಷ್ಟು ರೊಟ್ಟಿ ತಿಂದರು, ಯಾವ ದಿನ ಅರ್ಧಕ್ಕೇ ಎದ್ದರು ಎಲ್ಲ ನೆನಪಿರುತ್ತದೆ. ಎಪ್ರಿಲಿನಲ್ಲಿ ಪರೀಕ್ಷೆಯ ಬೆಳಿಗ್ಗೆ ಮಗನಿಗೆ ಅವಳು ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದ್ದಳು. ಅವನು ತಾಟು ಸರಿಸಿ ಎರಡು ಬಾಳೆಹಣ್ಣು ತಿಂದು ಹೊರಟಿದ್ದ. ಬಾಳೆಹಣ್ಣು ತಿಂದು ಹೋಗುವುದು ಅವನು ಅಂಕಣಕ್ಕೆ ಇಳಿಯುವ ದಿನ ಮಾತ್ರ. ಹೊಟ್ಟೆ ಭಾರವಿದ್ದರೆ ಎದುರಾಳಿ ಕಾಲು ಹಿಡಿಯುತ್ತಾನೆ. ಪರೀಕ್ಷೆಯಲ್ಲಿ ಯಾರು ಕಾಲು ಹಿಡಿಯುತ್ತಾರೆ?

"ಅಯ್ಯ ಇವನ!" ಎಂದು ಗುರುಬಾಯಿ ಬುಟ್ಟಿ ಮುಚ್ಚಿ ಎದ್ದಳು. ಅರ್ಧದಷ್ಟು ರೊಟ್ಟಿಗಳು ಹಾಗೇ ಉಳಿದಿದ್ದವು.

ಮನೆಯಲ್ಲಿ ಸಾಯಬಣ್ಣ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ. ಆರಡಿ ಆಳು. ಮೈದಾನದಲ್ಲಿ ಏಳು ಜನರ ನಡುವೆ ನುಗ್ಗಿ ಬರುವವನು, ತಾಯಿಯ ಎದುರು ಮಾತ್ರ ಬೆಕ್ಕಿನ ಮರಿ.

"ಪರೀಕ್ಷಾದ ದಿವಸ ಬಾಳಿಹಣ್ಣು ಯಾಕ ತಿಂದಿ?"

ಸಾಯಬಣ್ಣನ ಕೈ ನಿಂತಿತು. ಗುರುಬಾಯಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ, ಆದರೂ ಕೇಳಿದಳು. "ಬರದೇ ಇಲ್ಲ ಹೌದಲ್ಲೋ? ಎರಡೂ ಸಲ?"

"ಫಾರಮೇ ತುಂಬಿಲ್ಲವ್ವಾ," ಎಂದ ಅವನು ನೆಲ ನೋಡುತ್ತ. "ಚೆಂಬೂರಿನ್ಯಾಗ ಮ್ಯಾಚ್ ಇತ್ತು. ಸರ್ ಬ್ಯಾಡಂದ್ರು. ನಾ ಪಾಸಾದ್ರ ಕಾಲೇಜ ಬಿಡಬೇಕಾಗ್ತದ. ನಾ ಬಿಟ್ರ ಟೀಮಿನ್ಯಾಗ ರೇಡ್ ಹೋಗವರು ಯಾರಿಲ್ಲ. ಇನ್ನೊಂದ ವರ್ಷ ಇರು ಅಂದ್ರು. ಈಗ ಮತ್ತೊಂದ ವರ್ಷ ಅನ್ಲಾಕತ್ತಾರ."

"ನಿನ್ನ ಬಾಯಿಗೇನು ಬೀಗ ಹಾಕಿದ್ರೇನೋ? ಒಲ್ಲೆ ಅನ್ನಲಿಕ್ಕೆ ಏನಾಗಿತ್ತು ಧಾಡಿ?"

"ಹ್ಯಾಂಗ ಅನ್ನಲಿ? ಭಂಡಾರ ಮುಟ್ಟಿಸಿದಾಕಿ ನೀನೇ ಅಲ್ಲೇನು?"

ಗುರುಬಾಯಿ ಗೋಡೆಗೆ ಒರಗಿಕೊಂಡಳು. ನಿಜ. ಫೀಸಿಲ್ಲದೆ ಸೀಟು ಸಿಕ್ಕ ದಿನ, ಸಂತೋಷ ತಡೆಯಲಾರದೆ, ಮನೆದೇವರು ಮೈಲಾರಲಿಂಗನ ಭಂಡಾರದಲ್ಲಿ, ಆ ಅರಿಶಿನದ ಪುಡಿಯಲ್ಲಿ, ಮಗನ ಬಲಗೈ ಅದ್ದಿಸಿದ್ದಳು. 'ಸರ್ ಹಾಕಿದ ಗೆರಿ ದಾಟಂಗಿಲ್ಲ ಅನ್ನು' ಎಂದು ಅನ್ನಿಸಿದ್ದಳು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಬುದ್ಧಿಯನ್ನೂ ಹೇಳಿದ್ದಳು. ಭಂಡಾರ ಮುಟ್ಟಿ ಇಟ್ಟ ಆಣೆ ಮುರಿದವರ ಮನೆ ಉದ್ಧಾರವಾದದ್ದನ್ನು ಅವರ ಊರಿನಲ್ಲಿ ಯಾರೂ ಕಂಡಿಲ್ಲ. ಹಾಲಿಗೆ ಬೆರಳು ಅದ್ದಿ ನೋಡುವ ಹೆಂಗಸು, ಮಗನನ್ನು ಒಪ್ಪಿಸುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದಳು! ಅವಳಿಗೆ ತನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಎರಡು ಕೈಯಿಂದಲೂ ಹಣೆ ಬಡಿದುಕೊಂಡಳು.

"ಫಾರಮಿಗೆ ಕಡೀ ದಿವಸ ಯಾವತ್ತು?"

"ನಾಳಿ."

"ನಾಳಿ ನಾನೂ ಬರ್ತೀನಿ."

ಮರುದಿನ ಅವಳು ಕಾಲೇಜಿನ ಮೈದಾನಕ್ಕೆ ಹೋದಾಗ ಸುರ್ವೆ ಸರ್ ಅಂಕಣಕ್ಕೆ ಸುಣ್ಣದ ಗೆರೆ ಹಾಕಿಸುತ್ತಿದ್ದರು. ಸಾಯಬಣ್ಣ ಹತ್ತು ಹೆಜ್ಜೆ ಹಿಂದೆ ನಿಂತ. ಗುರುಬಾಯಿ ಕೂಗಾಡಲಿಲ್ಲ. ಸೊಂಟದಿಂದ ಭಂಡಾರದ ಚೀಲ ತೆಗೆದು ಬಿಚ್ಚಿ ಸರ್ ಮುಂದೆ ಹಿಡಿದಳು. ಸುರ್ವೆ ಸರ್ ಸಾತಾರದ ಕಡೆಯವರು. ಅವರ ಖಂಡೋಬನೂ ಇವಳ ಮೈಲಾರಲಿಂಗನೂ ಒಂದೇ ದೇವರು, ಭಂಡಾರವೂ ಒಂದೇ. ಅದು ಇಬ್ಬರಿಗೂ ಗೊತ್ತಿತ್ತು.

"ಸರ್, ಇಸ್ಮೇ ಹಾಥ್ ರಖ್ಕೇ ಬೋಲೋ. ಮೇರಾ ಲಡ್ಕಾ ಪರೀಕ್ಷಾ ನೈ ದಿಯಾ ತೋ ಉಸ್ಕಾಚ್ ಭಲಾ ಹೈ, ಐಸಾ ಬೋಲೋ. ಮೈ ಚುಪ್ ಘರ್ ಜಾತೀ."

ಪರೀಕ್ಷೆ ಬರೆಯದಿದ್ದರೇ ಮಗನಿಗೆ ಒಳ್ಳೆಯದೆಂದು ಭಂಡಾರ ಮುಟ್ಟಿ ಹೇಳಬೇಕಂತೆ! ಸರ್ ಚೀಲ ನೋಡಿದರು, ಅವಳ ಮುಖ ನೋಡಿದರು. ನಗಲು ಹೋದರು, ನಗು ಬರಲಿಲ್ಲ. ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡರು. "ಹಾಥ್ ಕೋ ಚೂನಾ ಲಗಾ ಹೈ, ಮಾವಶಿ," ಎಂದರು.

"ಧೋ ಲೇವ್. ಮೈ ಖಡೀ ಹೂಂ."

ಸರ್ ಕೈ ತೊಳೆಯಲು ಹೋಗಲಿಲ್ಲ. ಸುಣ್ಣ ಹಾಕುವವನಿಗೆ ಗೆರೆ ಸೊಟ್ಟವೆಂದು ಸುಮ್ಮಸುಮ್ಮನೆ ಬೈದರು. ಕೊನೆಗೆ ಬೇರೆ ಕಡೆ ನೋಡುತ್ತ, "ದೇನೇ ದೋ ಪರೀಕ್ಷಾ. ಲೇಕಿನ್ ಟೀಮ್ ಛೋಡಾ ತೋ ಫ್ರೀಶಿಪ್ ಬಂದ್," ಎಂದರು.

"ಬಂದ್ ತೋ ಬಂದ್," ಎಂದು, ಫೀಸಿನ ಮಾಫಿಯ ಆಸೆ ಬಿಟ್ಟು, ಗುರುಬಾಯಿ ಚೀಲದ ಬಾಯಿ ಬಿಗಿದಳು. ಪರೀಕ್ಷೆ ಬರೆಯಲಿ ಎಂದು ಸರ್ ಬಾಯಿಂದಲೇ ಮಾತು ಬಂದಿತ್ತು. ಇನ್ನು ಆಣೆಯೂ ಇಲ್ಲ, ಶಾಪವೂ ಇಲ್ಲ. ಮಗನ ರಟ್ಟೆ ಹಿಡಿದು ಆಫೀಸಿನ ಕಡೆ ಹೆಚ್ಚುಕಡಿಮೆ ಓಡಿದಳು. ಗೆದ್ದೆ ಎನ್ನುವ ಖುಷಿಯಲ್ಲಿ ಅವಳಿಗೆ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಕಿಟಕಿಯ ಮುಂದೆ ಉದ್ದ ಸಾಲು. ಸಾಯಬಣ್ಣನ ಕೈಯಲ್ಲಿ ಖಾಲಿ ಫಾರ್ಮು. ಸಾಲು ಸರಿಯುತ್ತಿತ್ತು, ಅವನು ಬರೆಯುತ್ತಿರಲಿಲ್ಲ. ಅವಳು ತಿರುಗಿ ನೋಡಿದರೆ ಅವನ ಗಲ್ಲದ ಮೇಲೆ ಬೆವರು ಇಳಿಯುತ್ತಿತ್ತು.

"ಯಾಕೋ? ಆಣಿ ಹೋತಲ್ಲ. ಬರಿ."

"ಅವ್ವಾ," ಎಂದ ಸಾಯಬಣ್ಣ, ಪಕ್ಕದವರಿಗೆ ಕೇಳಬಾರದೆಂದು ಬಗ್ಗಿ. "ಬರೇ ಆಣಿ ಅಲ್ಲವ್ವಾ. ನನಗ ಏನೂ ಬರಂಗಿಲ್ಲ."

"ಏನೂ ಅಂದ್ರ?"

"ಒಂದ ದಿವಸ ಸೈತ ಕ್ಲಾಸಿನ್ಯಾಗ ಕುಂತಿಲ್ಲ. ಹಾಜರಿ ಸರ್ ಹಾಕಸ್ತಿದ್ರು. ಮೊದಲ ಎರಡ ವರ್ಷದ ಪರೀಕ್ಷಾ ಕಾಲೇಜಿನವರೇ ನಡಸಿದ್ರು. ನಾ ಬರೇ ಹೆಸರು ಬರದು ಕೊಟ್ಟೀನಿ, ಮಾರ್ಕ್ಸು ಅವರೇ ಹಾಕ್ಯಾರ. ಇದು ಯುನಿವರ್ಸಿಟಿದು, ಇಲ್ಲಿ ಅದು ನಡ್ಯಂಗಿಲ್ಲ. ನಿನ್ನ ಮುಂದ ಪುಸ್ತಕ ಹಿಡಕೊಂಡು ಕುಂದರ್ತಿದ್ದೆ ಖರೆ, ಒಂದ ಸಾಲೂ ತಿಳೀತಿದ್ದಿಲ್ಲ." ಅವನು ಖಾಲಿ ಫಾರ್ಮನ್ನು ಬೆನ್ನ ಹಿಂದೆ ಹಿಡಿದ. "ಸರ್ ಬ್ಯಾಡಂದಾಗ ನನಗ ಖುಷಿನೇ ಆಗಿತ್ತವ್ವಾ."

ಹಾಲಿನವನನ್ನು, ಗಿರಣಿಯವನನ್ನು, ಮೇಷ್ಟ್ರನ್ನು, ಜಗತ್ತನ್ನೇ ಅನುಮಾನದಿಂದ ನೋಡಿದ ಗುರುಬಾಯಿಗೆ ಇದೊಂದು ಹೊಳೆದಿರಲಿಲ್ಲ. ಹಾಲು, ಮೊಟ್ಟೆ, ಪೇಢೆ, ಶೀಲ್ಡು ಎಲ್ಲ ಕೊಟ್ಟು ಅವರು ಅವಳ ಮಗನಿಗೆ ನಾಲ್ಕು ವರ್ಷದಲ್ಲಿ ಒಂದಕ್ಷರವನ್ನೂ ಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು, ಎರಡನ್ನೂ ಮಾಡಲಿಲ್ಲ, ಏಕೆಂದರೆ ಹಿಂದಿನವನು ಮುಂದೆ ಸರಿಯಿರಿ ಎಂದು ಗದರುತ್ತಿದ್ದ.

"ಅಕ್ಟೋಬರಿಗೆ ಎಷ್ಟು ದಿವಸ ಅದ?"

"ಮೂರು ತಿಂಗಳು. ಸಾಲಂಗಿಲ್ಲವ್ವಾ. ನಪಾಸಾಗ್ತೀನಿ."

"ಆಗು," ಎಂದಳು ಗುರುಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು. "ನಿನ್ನ ಕೈಯಾರ ಬರದು ನಪಾಸಾಗು. ಬ್ಯಾಂಕು ಹೋದ್ರ ಹೋಗ್ಲಿ, ನಾ ಇನ್ನಾ ರೊಟ್ಟಿ ಬಡೀತೀನಿ. ಆದ್ರ ಬ್ಯಾರೇವ್ರು ಹಾಕಿದ್ದ ಮಾರ್ಕ್ಸಿನ ಮ್ಯಾಲ ಇನ್ನೊಂದ ದಿವಸ ಉಣಬ್ಯಾಡ. ಬರಿ, ಹೆಸರು ಬರಿ."

ಸಾಯಬಣ್ಣ ಫಾರ್ಮನ್ನು ಗೋಡೆಗೆ ಒತ್ತಿ ಹಿಡಿದು ನಿಧಾನವಾಗಿ ಬರೆದ.

ಕಿಟಕಿಯ ಗುಮಾಸ್ತ ಹೆಸರು ಓದಿ, ಆಟಗಾರನೇ ಫಾರ್ಮು ತಂದಿದ್ದಾನಲ್ಲ ಎಂದು ತಲೆಯೆತ್ತಿದ. "ಅರೇ, ತೂ ತೋ ಖಿಲಾಡೀ ಹೈ ನಾ? ಖಿಲಾಡಿಯೋಂಕಾ ಫಾರ್ಮ್ ಸುರ್ವೆ ಸರ್ ಲಾತೇ ಹೈಂ."

ಗುರುಬಾಯಿ ಮಗನ ಪಕ್ಕದಿಂದ ಕಿಟಕಿಯೊಳಗೆ ಮುಖ ತೂರಿಸಿದಳು. "ಖಿಲಾಡೀ ನೈ, ಸಾಹೇಬ," ಎಂದಳು. "ಇಸ್ಕೋ ಕುಛ್ ನೈ ಆತಾ. ಆಜ್ ಸೇ ಪಢ್ನೇವಾಲಾ ಹೈ. ಲೇವ್."

ಏನೂ ಬಾರದ, ಇವತ್ತಿನಿಂದ ಓದುವ ಆ ಹುಡುಗನನ್ನೂ ಅವನ ತಾಯಿಯನ್ನೂ ಗುಮಾಸ್ತ ಒಮ್ಮೆ ನೋಡಿ ಫಾರ್ಮು ತೆಗೆದುಕೊಂಡ.