ಕೂಲಿ ನಿರ್ಧಾರ

ನೀಲಮ ಮೇಡಂ ತರಗತಿಗೆ ಬಂದವರೇ ನೋಟ್‌ಬುಕ್ ಮುಚ್ಚಿ ಚೀಲದೊಳಗೆ ಹಾಕಲು ಹೇಳಿದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವತ್ತರ ನೋಟ್ಸ್ ಹೇಳ್ತೀರಿಲ್ರಿ ಮೇಡಂ?" ಎಂದಳು ಮುಂದಿನ ಬೆಂಚಿನ ಕೋಮಲ. "ಪರೀಕ್ಷಾ ಹತ್ರ ಬಂತ್ರಿ."

"ಹೇಳ್ತೀನಿ. ಮೊದಲ ಆಟ, ಆಮ್ಯಾಲ ನೋಟ್ಸ್."

ಕಾಗವಾಡದ ಆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಎಂದರೆ ನೋಟ್ಸ್ ಎಂದೇ ಅರ್ಥವಾಗಿತ್ತು. ಹಿಂದಿದ್ದ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಹಳೆಯ ಹಾಳೆಗಳನ್ನು ಓದುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು, ಎಲ್ಲರೂ ಪಾಸಾಗುತ್ತಿದ್ದರು. ಅವರು ನಿವೃತ್ತರಾದ ಮೇಲೆ ಬಂದ ನೀಲಮಗೆ ಆ ಕುರ್ಚಿಯಲ್ಲಿ ಕೂರಲು ಆಗುತ್ತಲೇ ಇರಲಿಲ್ಲ. ಬೆಂಚುಗಳ ನಡುವೆ ಅತ್ತಿಂದಿತ್ತ ಓಡಾಡುತ್ತ, ಪಾಠದ ಮಧ್ಯೆ ತಟ್ಟನೆ ನಿಂತು ಯಾರನ್ನೋ ಏನೋ ಕೇಳುತ್ತಿದ್ದರು. ಅಲಖನೂರಿನವರು, ಅವ್ವ ಕಬ್ಬಿನ ಗದ್ದೆಗಳಲ್ಲಿ ದುಡಿದು ಓದಿಸಿದವಳು. ತಾನು ಕಂಠಪಾಠ ಮಾಡಿ ಗಳಿಸಿದ ಪದವಿಯ ಬಗ್ಗೆ ನೀಲಮಗೆ ಒಳಗೊಳಗೇ ಒಂದು ಅಸಮಾಧಾನವಿತ್ತು. ತನ್ನ ಹುಡುಗರಿಗೆ ಹಾಗಾಗಬಾರದು ಎಂಬ ಹಟ ಅವರದು.

ಅಂದಿನ ಪಾಠ 'ಕೂಲಿ ನಿರ್ಧಾರ'. ಅರ್ಧ ತರಗತಿಗೆ ತೋಟದ ಮಾಲೀಕರ ಚೀಟಿ, ಅರ್ಧಕ್ಕೆ ಕೂಲಿಯವರ ಚೀಟಿ. ಮಾಲೀಕರ ಚೀಟಿಯಲ್ಲಿ ಕೊಡಬಹುದಾದ ಹೆಚ್ಚಿನ ಕೂಲಿ, ಕೂಲಿಯವರ ಚೀಟಿಯಲ್ಲಿ ಒಪ್ಪಬಹುದಾದ ಕಡಿಮೆ ಕೂಲಿ. ಯಾರೂ ಚೀಟಿ ತೋರಿಸದೆ ಚೌಕಾಸಿ ಮಾಡಬೇಕು. ಕುದುರಿದ ದರವನ್ನು ಮೇಡಂ ಬೋರ್ಡಿನ ಮೇಲೆ ಬರೆಯುತ್ತಾರೆ. ಆಡುತ್ತ ಆಡುತ್ತ ದರಗಳೆಲ್ಲ ಒಂದು ಜಾಗಕ್ಕೆ ಬಂದು ಸೇರುತ್ತವೆ; ಪುಸ್ತಕದಲ್ಲಿ ಎರಡು ಗೆರೆ ಕೂಡುವ ಜಾಗ ಅದೇ. ಮೊದಲು ಕೆಲಸ ಮಾಡುತ್ತಿದ್ದ ಚಿಕ್ಕೋಡಿಯಲ್ಲಿ ಇದೇ ಆಟವನ್ನು ಟೊಮೆಟೊ ಹೆಸರಲ್ಲಿ ಆಡಿಸಿದ್ದರು. ಇಲ್ಲಿ ದ್ರಾಕ್ಷಿಯ ಊರು, ಮೇಲಾಗಿ ಚಾಟ್ನಿಯ, ಅಂದರೆ ಬಳ್ಳಿ ಸವರುವ ಹಂಗಾಮು. ಬಳ್ಳಿ ಕತ್ತರಿಸಲು ಎಲ್ಲರಿಗೂ ಆಳು ಬೇಕು. ಹಾಗಾಗಿ ಕೂಲಿಯ ಆಟ.

ಮುರಗೆಪ್ಪನವರ ಮಗ ರೋಹನನಿಗೆ ಕೂಲಿಯವನ ಚೀಟಿ ಬಂತು. ಮಿರಜ ರಸ್ತೆಯುದ್ದಕ್ಕೂ ಅವರದೇ ದ್ರಾಕ್ಷಿ ತೋಟ. ಅದೇ ತೋಟದಲ್ಲಿ ಕೂಲಿ ಮಾಡುವ ಸುಂದರಾಳ ಮಗಳು ಭಾಗ್ಯಾಳಿಗೆ ಮಾಲೀಕಳ ಚೀಟಿ. ಉಳಿದ ಜೋಡಿಗಳ ದರ ಕುದುರಿ ಬೋರ್ಡಿಗೇರಿದ ಮೇಲೆ ಇವರಿಬ್ಬರೂ ಎದುರುಬದುರಾದಾಗ ಹುಡುಗರು ಸಿಳ್ಳೆ ಹಾಕಿದರು. ನೀಲಮ ಕೂಡ ನಕ್ಕರು.

ಮೇಡಂ ಖಾಲಿ ಬಿಟ್ಟಿದ್ದ ಕುರ್ಚಿಯಲ್ಲಿ ಭಾಗ್ಯಾ ಹೋಗಿ ಕೂತಳು. ಮೊಬೈಲು ನೋಡುವವಳಂತೆ ಅಂಗೈಯನ್ನೇ ನೋಡುತ್ತ, ತಲೆ ಎತ್ತದೆ ಹೇಳಿದಳು:

"ಏ, ಅಲ್ಲೇ ನಿಂದ್ರು. ಮ್ಯಾಲ ಬರಬ್ಯಾಡ, ಈಗರ ಫರಶಿ ಒರಸ್ಯಾರ."

ರೋಹನ ನಗುತ್ತಲೇ ನಿಂತ. "ಚಾಟ್ನಿಗೆ ಬರ್ತೀನಿ. ಎಷ್ಟ ಕೊಡ್ತಿ?"

"ಕೊಡ್ತಿ ಅಲ್ಲ. ಕೊಡ್ತೀರಿ."

ತರಗತಿ ಗೊಳ್ಳೆಂದಿತು.

"ಎಷ್ಟ ಕೊಡ್ತೀರಿ?"

"ಕೂಲಿ ಆಮ್ಯಾಲ. ನಿನ್ನಿ ಯಾಕ ಬರಲಿಲ್ಲ ನೀ? ಮಗಳಿಗೆ ಜ್ವರಾ ಅನಬ್ಯಾಡ. ನಿಮ್ಮ ಮಂದೀದು ದಿನಾ ಒಂದ ನೆವ ಇರ್ತೈತಿ."

ಕಿಟಕಿಯ ಕಟ್ಟೆಯ ಮೇಲೆ ಯಾರೋ ಚಹಾ ಕುಡಿದು ಬಿಟ್ಟ ಕಾಗದದ ಕಪ್ಪು ಇತ್ತು. ಭಾಗ್ಯಾ ಗದ್ದ ಎತ್ತಿ ಅತ್ತ ತೋರಿಸಿದಳು. "ಚಾ ಅಲ್ಲಿ ಇಟ್ಟೇನಿ. ತಗೊಂಡ ಕುಡಿ. ಕಪ್ಪ ಇಲ್ಲೆ ಒಗಿಬ್ಯಾಡ, ನಿನ್ನ ಜೋಡಿ ಒಯ್ಯಿ."

ಈಗ ಯಾರೂ ನಗಲಿಲ್ಲ. ರೋಹನನ ಮುಖದ ಬಣ್ಣ ಇಳಿದಿತ್ತು. ಆ ಮಾತಿನ ಧಾಟಿ ಅವನಿಗೆ ಗುರುತು ಸಿಕ್ಕಿತ್ತು. ದಿನಾ ಬೆಳಿಗ್ಗೆ ಅವನ ಮನೆಯ ಪಡಸಾಲೆಯಲ್ಲಿ ಕೇಳಿಸುವ ಧಾಟಿ ಅದು. ನೀಲಮಗೂ ಗುರುತು ಸಿಕ್ಕಿತು. ಅಲಖನೂರಿನಲ್ಲಿ ಅವ್ವನ ಸೆರಗು ಹಿಡಿದು ನಿಂತ ಅಂಗಳಗಳಲ್ಲಿ ಅದನ್ನು ಅವರು ಕೇಳಿದ್ದರು. ಆಟ ನಿಲ್ಲಿಸಬೇಕು ಅನ್ನಿಸಿತು. ಆದರೆ ಸೀಮೆಸುಣ್ಣ ಹಿಡಿದ ಕೈ ಹಾಗೇ ಉಳಿಯಿತು. ಮುಂದೇನು ಎಂದು ನೋಡುವ ಆಸೆ ಅವರಿಗೂ ಇತ್ತು.

ರೋಹನ ಚೀಟಿಯನ್ನು ಮುದುಡಿ ನೆಲಕ್ಕೆ ಎಸೆದು ಹೊರಗೆ ನಡೆದ. ಅವನ ಬೈಕು ಗೇಟು ದಾಟಿದ ಸದ್ದು ಎಲ್ಲರಿಗೂ ಕೇಳಿಸಿತು.

ಅಂದು ಸಂಜೆ ಮನೆಗೆ ಮರಳುವ ಬಸ್ಸು ಕೃಷ್ಣಾ ನದಿ ದಾಟುವಾಗ ನೀಲಮ ಕೂರಲಾಗದೆ ಸೀಟು ಬಿಟ್ಟು ಎದ್ದು ಬಾಗಿಲ ಹತ್ತಿರ ಬಂದು ನಿಂತರು. "ಇಳಿಯೂದು ಇನ್ನ ದೂರ ಐತ್ರಿ ಅಕ್ಕಾರ," ಎಂದ ಕಂಡಕ್ಟರ್. ಅವರು ನಿಂತೇ ಇದ್ದರು.

ಮರುದಿನ ರೋಹನ ಬರಲಿಲ್ಲ. ಅದರ ಮರುದಿನ ಭಾಗ್ಯಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ನಮ್ಮವ್ವಗ ತೋಟಕ್ಕ ಬರಬ್ಯಾಡ ಅಂದಾರ್ರಿ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದಳು. ನೀಲಮ ಅವಳ ಹಿಂದೆ ಹೋಗಬೇಕೆಂದು ಎದ್ದರು. ಅಷ್ಟರಲ್ಲಿ ಪ್ರಿನ್ಸಿಪಾಲರಿಂದ ಕರೆ ಬಂತು.

ಪ್ರಿನ್ಸಿಪಾಲ್ ಕಾಕಾಸಾಹೇಬರ ಎದುರಿಗೆ ಬಿಳಿ ಅಂಗಿಯ ಮುರಗೆಪ್ಪ ಕೂತಿದ್ದರು. ದನಿ ಎತ್ತುವ ಮನುಷ್ಯನಲ್ಲ.

"ನನ್ನ ಮಗನ್ನ ಆಳ ಮಾಡಿ ನಿಂದ್ರಿಸಿದ್ರೆಂತಲ್ರಿ."

"ಚೀಟಿ ಎತ್ತಿದಾಗ ಬಂದದ್ರಿ ಅದು. ಯಾರಿಗೆ ಏನ ಬರತೈತಿ ಅಂತ ನನಗೂ ಗೊತ್ತಿರಲಿಲ್ಲ."

"ಆಟ ಆಡಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಕಿ ನಮ್ಮ ಮನಿ ಮಾತ ಎಲ್ಲಾರ ಮುಂದ ಆಡಿ ತೋರಿಸ್ಯಾಳ."

ನೀಲಮ ತಡೆದು ತಡೆದು ಹೇಳಿದರು: "ಭಾಗ್ಯಾ ಯಾರ ಮನಿ ಹೆಸರೂ ಹೇಳಿಲ್ರಿ."

ಮುರಗೆಪ್ಪ ಮೇಜಿನ ಮೇಲಿನ ಪೇಪರ್‌ವೇಟನ್ನು ಒಮ್ಮೆ ತಿರುಗಿಸಿದರು. ಆಮೇಲೆ ಎದ್ದು ಪ್ರಿನ್ಸಿಪಾಲರಿಗಷ್ಟೇ ನಮಸ್ಕಾರ ಮಾಡಿ ಹೋದರು.

"ಮೇಡಂ, ಪರೀಕ್ಷಾ ಮುಗಿಯೂತನಾ ನೋಟ್ಸ್ ಹೇಳ್ರಿ," ಎಂದರು ಕಾಕಾಸಾಹೇಬರು, ಬೇಸರದಿಂದ ಅಲ್ಲ, ದಣಿವಿನಿಂದ. "ನಿಮಗೂ ಶಾಂತಿ, ನನಗೂ ಶಾಂತಿ."

ನೀಲಮ ನೋಟ್ಸ್ ಹೇಳತೊಡಗಿದರು. ಕುರ್ಚಿಯಲ್ಲಿ ಕುಳಿತೇ ಹೇಳಿದರು. ಹುಡುಗರು ಖುಷಿಯಿಂದ ಬರೆದುಕೊಂಡರು. ಭಾಗ್ಯಾ ಮಾತ್ರ ಪೆನ್ನು ಮುಟ್ಟದೆ ಮೇಡಂ ಮುಖ ನೋಡುತ್ತ ಕೂರುತ್ತಿದ್ದಳು. ನೀಲಮ ಓದುತ್ತಿದ್ದ ಸಾಲು ತಪ್ಪಿ ಮತ್ತೆ ಅದೇ ಸಾಲನ್ನು ಹೇಳುತ್ತಿದ್ದರು. ಹುಡುಗರು ಎರಡೆರಡು ಸಲ ಬರೆದುಕೊಳ್ಳುತ್ತಿದ್ದರು.

ಭಾನುವಾರ ಅವರು ಸುಂದರಾಳ ಮನೆ ಹುಡುಕಿಕೊಂಡು ಹೋದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋಗಳು, ಅಲಖನೂರಿನ ಮನೆಯಲ್ಲಿದ್ದಂಥವೇ. ಅಂಗಳದಲ್ಲಿ ಸುಂದರಾ ಒದ್ದೆ ಬಟ್ಟೆ ಹರವುತ್ತಿದ್ದಳು. ನೀಲಮ ತಮ್ಮ ಊರು, ಕೇರಿ ಹೇಳಿಕೊಂಡರೂ ಅವಳು ಕೈ ನಿಲ್ಲಿಸಲಿಲ್ಲ.

"ಮುರಗೆಪ್ಪನವರ ಹಂತ್ಯಾಕ ಹೋಗಿ ನಾ ಮಾತಾಡ್ತೀನ್ರಿ ಅಕ್ಕಾ. ತಪ್ಪ ನಂದು ಅಂತ ಹೇಳ್ತೀನಿ."

"ಯಾವ ತಪ್ಪರಿ? ನನ್ನ ಮಗಳು ಸುಳ್ಳ ಹೇಳ್ಯಾಳೇನು?"

"ಹಂಗಲ್ರಿ..."

"ನೀವು ಹೋಗಿ ಮಾಫಿ ಕೇಳಿದ್ರ ಅಕಿ ಸುಳ್ಳ ಹೇಳಿದಂಗ ಆಕ್ಕೈತಿ. ಹೋಗಬ್ಯಾಡ್ರಿ." ಸುಂದರಾ ಸೀರೆಯ ತುದಿಯನ್ನು ಝಾಡಿಸಿದಳು. ನೀರು ಹನಿ ಹನಿಯಾಗಿ ನೀಲಮರ ಮುಖಕ್ಕೆ ಸಿಡಿಯಿತು. "ಆದ್ರ ಒಂದ ಮಾತ. ನಮ್ಮ ಬಾಳಿನ ಮ್ಯಾಲ ಆಟಾ ಆಡಸೂದಿದ್ರ ಮೊದಲ ನಮಗ ಕೇಳಬೇಕಿತ್ತು. ನೀವೂ ನಮ್ಮವರ ಅದೀರಿ. ನಿಮಗ ತಿಳಿಬೇಕಿತ್ತು."

ನೀಲಮ ಅಂಗೈಯಿಂದ ಮುಖ ಒರೆಸಿಕೊಂಡರು. ಸುಂದರಾ ಈಗ ಮ್ಹೈಸಾಳ ಕಡೆಯ ಬೇರೆ ತೋಟಕ್ಕೆ ಹೋಗುತ್ತಿದ್ದಳು. ನಸುಕಿನಲ್ಲಿ ಟೆಂಪೋ ಬರುತ್ತದೆ. ಕೂಲಿ ಮೊದಲಿನಷ್ಟೇ, ದಾರಿ ಮಾತ್ರ ದೂರ.

ಸೋಮವಾರ ರೋಹನ ತರಗತಿಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತ. ನೀಲಮ ನೋಟ್ಸ್ ತೆರೆದರು. "ಬೇಡಿಕೆ ಮತ್ತು ಪೂರೈಕೆ ಸಮವಾದಲ್ಲಿ ಕೂಲಿ..." ಎಂದು ಹೇಳುತ್ತಿದ್ದವರು ಸಾಲಿನ ಮಧ್ಯೆ ನಿಂತುಬಿಟ್ಟರು. ಹಾಳೆ ಮೇಜಿನ ಮೇಲೆ ಇಟ್ಟು ಎದ್ದರು.

"ಆ ದಿನ ಎಲ್ಲಾರದೂ ದರ ಕುದುರಿತು. ಒಂದ ಜೋಡೀದು ಕುದುರಲಿಲ್ಲ. ಯಾಕ? ಪುಸ್ತಕದಾಗ ಇದಕ್ಕ ಉತ್ತರ ಇಲ್ಲ. ನನಗೂ ಪೂರಾ ಗೊತ್ತಿಲ್ಲ. ಮಾತಾಡಾಕ ಮನಸಿಲ್ಲದವರು ಸುಮ್ಮ ಕೂಡಬಹುದು."

ಕೊನೆಯ ಬೆಂಚಿನಿಂದ ರೋಹನ ಎದ್ದ.

"ನಾ ಎದ್ದ ಹೋದೆ, ಅದಕ್ಕರಿ. ಹೋಗಾಕ ನನಗ ಮನಿ ಇತ್ತು." ಭಾಗ್ಯಾ ಕೂತ ಕಡೆ ನೋಡಿ ಹೇಳಿದ: "ಸುಂದರಾ ಮಾವಶಿ ಹಂಗ ಎದ್ದ ಹೋಗಾಕ ಆಗೂದಿಲ್ಲ. ಪುಸ್ತಕದ ಗೆರಿಯೊಳಗ ಅದು ಕಾಣೂದಿಲ್ಲರಿ."

"ಅವ್ವನೂ ಹೋದ್ಲಲ್ಲ," ಎಂದಳು ಭಾಗ್ಯಾ, ತಿರುಗಿ ನೋಡದೆ.

"ಅಕಿ ಹೋಗಿಲ್ಲ. ನಾವು ಕಳಿಸೇವಿ."

"ನಿನ್ನಿ ನಿಮ್ಮವ್ವ ಚನ್ನವ್ವ ಬಂದ ಕರದ್ಲು. ಆಗ ಬರೂದಿಲ್ಲ ಅಂದಾಳ. ಅದು ಹೋದದ್ದ ಅಲ್ಲೇನು?"

ರೋಹನನಿಗೆ ಅದು ಗೊತ್ತಿರಲಿಲ್ಲ. ಕೂತ, ಮತ್ತೆ ಎದ್ದ. "ಬಳ್ಳಿ ಕತ್ತರಸಾಕ ಮಂದಿ ಸಿಗಾಕತ್ತಿಲ್ಲ, ಅದಕ್ಕ ಕರದಾಳ. ಹಂಗಾಮ ಮುಗದ ಮ್ಯಾಲ?"

"ಅದನ್ನ ನೀ ಹೇಳು," ಎಂದಳು ಭಾಗ್ಯಾ. ಈಗ ತಿರುಗಿ ಕೂತಿದ್ದಳು.

ಕೋಮಲ ನಡುವೆ ಬಾಯಿ ಹಾಕಿದಳು. ಹಿಂದಿನ ಬೆಂಚಿನವನೊಬ್ಬ ಮರಾಠಿಯಲ್ಲಿ ಏನೋ ಕೂಗಿದ. ತಮ್ಮ ತಮ್ಮ ತೋಟ, ತಮ್ಮ ತಮ್ಮ ಟೆಂಪೋಗಳ ಮಾತು ಎದ್ದಿತು. ಉತ್ತರ ಹೇಳಿಬಿಡಬೇಕೆಂಬ ಆತುರವನ್ನು ತಡೆದುಕೊಂಡು ನೀಲಮ ಕಿಟಕಿಗೆ ಒರಗಿ ನಿಂತರು. ಕಾಲು ಮಾತ್ರ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ವರಾಂಡದಲ್ಲಿ ಕಾಕಾಸಾಹೇಬರು ಹಾಯ್ದುಹೋದರು, ಒಳಗೊಮ್ಮೆ ನೋಡಿದರು, ನಿಲ್ಲಲಿಲ್ಲ.

ಸುಂದರಾ ಆ ಹಂಗಾಮಿನಲ್ಲಿ ಮುರಗೆಪ್ಪನವರ ತೋಟಕ್ಕೆ ಹೋಗಲಿಲ್ಲ. ರೋಹನ, ಭಾಗ್ಯಾ ಗೆಳೆಯರಾಗಲಿಲ್ಲ. ತರಗತಿಯಲ್ಲಿ ಮಾತ್ರ ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುವುದನ್ನು ಬಿಡಲಿಲ್ಲ. ಮುಂದಿನ ಸೆಮಿಸ್ಟರಿಗೆ ಪ್ರಿನ್ಸಿಪಾಲರು ನೀಲಮಗೆ ಸಂಖ್ಯಾಶಾಸ್ತ್ರದ ಪೇಪರು ಕೊಟ್ಟರು. "ಇದರಾಗ ಜಗಳ ಇಲ್ರಿ ಮೇಡಂ, ಬರೇ ಸರಾಸರಿ," ಎಂದು ನಕ್ಕರು.

ಯಾರ ಸರಾಸರಿ ಎಂದು ಕೇಳಬೇಕೆನಿಸಿತು ನೀಲಮಗೆ. ಅದನ್ನು ಅಲ್ಲಿ ಕೇಳದೆ, ಆಗಲೇ ಗಂಟೆ ಬಾರಿಸಿದ್ದ ತರಗತಿಯತ್ತ ಬೇಗ ಬೇಗ ಹೆಜ್ಜೆ ಹಾಕಿದರು.