ಈಸ್ಟರ್ ಹಬ್ಬ ಬಳ್ಳಿಗೆ ಗೊತ್ತಿಲ್ಲ

ಆಸ್ಟ್ರೇಲಿಯಾದ ನಮ್ಮ ಕಿಂಗ್ ಕಣಿವೆಯಲ್ಲಿ ಹಬ್ಬ ನೋಡಿ ದ್ರಾಕ್ಷಿ ಕೊಯ್ಯುವವರು ಇನ್ನೂ ಇದ್ದಾರೆ. ಒತ್ತಾವಿಯೊ ಅವರಲ್ಲೊಬ್ಬ. ಈಸ್ಟರ್ ಭಾನುವಾರ ಮಕ್ಕಳು ಮೆಲ್ಬರ್ನಿನಿಂದ ಬರಬೇಕು, ಸೋಮವಾರ ಎಲ್ಲರೂ ಕತ್ತರಿ ಹಿಡಿಯಬೇಕು. ಅವನಪ್ಪ ಹೊಗೆಸೊಪ್ಪು ಕಿತ್ತು ಬಳ್ಳಿ ನೆಟ್ಟಂದಿನಿಂದ ಅದೇ ಪದ್ಧತಿ.

ಈ ವರ್ಷ ಈಸ್ಟರ್ ತಡವಾಯಿತು. ಬಿಸಿಲು ಜೋರಾಗಿದ್ದು ಹಣ್ಣು ಬೇಗ ಮಾಗಿತು. ಹಬ್ಬಕ್ಕೆ ಎರಡು ವಾರ ಇರುವಾಗಲೇ ರೇಡಿಯೋದವರು ಶುಕ್ರವಾರದಿಂದ ಮಳೆ ಎಂದರು.

ಪಕ್ಕದ ತೋಟದ ನೀವೆಸ್ ಬೇಲಿ ದಾಟಿ ಬಂದಳು. ಸಾಂಜೊವೇಸೆ ಜಾತಿಯ ದ್ರಾಕ್ಷಿ ಗೊಂಚಲಿನಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬೀಜವನ್ನು ಅಂಗೈಗೆ ಉಗಿದಳು.

“ನೋಡಿಲ್ಲಿ, ಬೀಜ ಕಂದಾಗಿದೆ. ಕಡಿದ್ರೆ ಕಟುಂ ಅನ್ನುತ್ತೆ. ಇನ್ನೇನ್ ಕಾಯ್ತಿದೀಯ?”

“ಹಬ್ಬ.”

“ಹಬ್ಬ ನಿನಗೆ ಕಣಯ್ಯ, ಬಳ್ಳಿಗಲ್ಲ. ಅದು ಒಂದ್ವರ್ಷ ಮಾರ್ಚಿಗೆ ಬರುತ್ತೆ, ಇನ್ನೊಂದ್ವರ್ಷ ಏಪ್ರಿಲ್ ಕೊನೇಗೆ.”

“ಮಳೆ ಬಂದ್ರೇನೀಗ? ಹಣ್ಣು ಇನ್ನಷ್ಟು ದಪ್ಪ ಆಗುತ್ತೆ.”

“ಆಗುತ್ತೆ, ನೀರು ಕುಡಿದು. ಸಿಹಿ ತೆಳ್ಳಗಾಗುತ್ತೆ, ಸಿಪ್ಪೆ ಒಡೆಯುತ್ತೆ. ಗೊಂಚಲು ಎಷ್ಟು ಒತ್ತಾಗಿದೆ ನೋಡು. ಒಂದು ಹಣ್ಣಿಗೆ ಬೂಷ್ಟು ಹಿಡಿದ್ರೆ ಪೂರ್ತಿ ಹೋಯ್ತು. ಆಮೇಲೆ ನಿನ್ನ ವೈನ್ ಒದ್ದೆ ಗೋಣಿಚೀಲದ ವಾಸನೆ ಹೊಡೆಯುತ್ತೆ.”

“ಇವರು ಅಂಥದ್ದು ಒಂದ್ಸಲ ಮಾಡಿದ್ರು, ತಾವೇ ಕುಡೀಲಿಲ್ಲ,” ಎಂದಳು ಅಡುಗೆಮನೆಯ ಕಿಟಕಿಯಿಂದ ಅವನ ಹೆಂಡತಿ ಎಲ್ದಾ.

ಒತ್ತಾವಿಯೊ ಕತ್ತರಿಯನ್ನು ಸುಮ್ಮನೆ ತಿರುವುತ್ತಾ ನಿಂತ.

“ಕೊಯ್ಲು ಮುಗಿದ್ಹೋದ್ರೆ ಮಕ್ಕಳು ಯಾಕೆ ಬರ್ತಾರೆ ನೀವೆಸ್? ನಮ್ಮ ಮುಖ ನೋಡೋಕಾ?”

ನೀವೆಸಳ ಜಗಳ ಅಲ್ಲಿಗೇ ನಿಂತಿತು. ಅವಳು ಇಳಿಜಾರಿನ ಕೆಳಗೆ ನೆಬ್ಬಿಯೋಲೊ ಬಳ್ಳಿಯ ಎರಡು ಸಾಲಿದ್ದಲ್ಲಿಗೆ ಹೋಗಿ ಒಂದು ಹಣ್ಣು ಕಡಿದಳು. ಮುಖ ಕಿವುಚಿಕೊಂಡಿತು.

“ಥೂ, ಬಾಯೆಲ್ಲ ಒಗರು. ಬೀಜ ಇನ್ನೂ ಹಸಿರು. ಇದು ನಿಧಾನದ ಜಾತಿ, ಸಿಪ್ಪೇನೂ ಗಟ್ಟಿ. ಸುತ್ತ ಎಲೆ ಕಿತ್ತು ಗಾಳಿ ಆಡೋ ಹಾಗೆ ಮಾಡು, ಮಕ್ಕಳಿಗೆ ಇದನ್ನ ಬಿಡು. ಮೇಲಿಂದನ್ನ ನಾಳೆ ನಾವೆಲ್ಲ ಸೇರಿ ಕೊಯ್ಯೋಣ. ಎಲ್ದಾ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಬೇಯಿಸ್ಲಿ.”

“ಮೊಲದ ಸಾರು ಇಲ್ದೆ ನೀನು ಕತ್ತರಿ ಮುಟ್ಟಲ್ಲ, ಗೊತ್ತು ಕಣೆ,” ಎಂದಳು ಎಲ್ದಾ.

ಗುರುವಾರ ಸಂಜೆಗೆ ಮೇಲಿನ ಹಣ್ಣೆಲ್ಲ ತೊಟ್ಟಿ ಸೇರಿತು. ಶುಕ್ರವಾರ ಮಳೆ ಹಿಡಿದದ್ದು ಸೋಮವಾರಕ್ಕೆ ಬಿಟ್ಟಿತು. ಕಾದು ಕೂತವರ ಸಾಲುಗಳಲ್ಲಿ ಬೂದು ಬೂಷ್ಟು ಎದ್ದಿತು.

ಈಸ್ಟರಿಗೆ ಮಕ್ಕಳೆಲ್ಲ ಬಂದರು. “ಇಷ್ಟೇನಾ ಅಪ್ಪ?” ಎಂದಳು ದೊಡ್ಡ ಮಗಳು ಎರಡು ಸಾಲು ನೋಡಿ. ಸೋಮವಾರ ಮಧ್ಯಾಹ್ನಕ್ಕೇ ಕೊಯ್ಲು ಮುಗಿಯಿತು. ಬೇರೆ ವರ್ಷ ನಿಂತೇ ಉಣ್ಣುತ್ತಿದ್ದವರು ಈ ಸಲ ಕತ್ತಲಾಗುವವರೆಗೂ ಊಟದ ಮೇಜು ಬಿಟ್ಟು ಏಳಲಿಲ್ಲ.

ತೋಟದವರೇ, ಕ್ಯಾಲೆಂಡರ್ ಗೋಡೆಯ ಮೇಲಿರಲಿ. ಕೊನೇ ವಾರಗಳಲ್ಲಿ ದಿನವೂ ಸಾಲುಗಳ ನಡುವೆ ನಡೆಯಿರಿ. ಹಣ್ಣು ತಿನ್ನಿ, ಬೀಜ ಕಡಿಯಿರಿ, ಮಳೆಯ ಸುದ್ದಿ ಕೇಳಿ. ಮಾಗಿದ್ದನ್ನು ಮಳೆಗೆ ಮುಂಚೆ ಕೊಯ್ಯಿರಿ. ಮಾಗದ್ದನ್ನು ಹೆದರಿ ಕೀಳಬೇಡಿ, ಎಲೆ ಬಿಡಿಸಿ ಕಾಯಿರಿ. ಮಕ್ಕಳನ್ನು ಊಟಕ್ಕೆ ಕರೆಯಿರಿ. ಕೊಯ್ಲಿನ ನೆಪ ಬೇಕಿಲ್ಲ, ಬರುತ್ತಾರೆ.